ವಿಷ ಕುಡಿಯೋ ಕೆಲಸ ಗಿಡಕ್ಕಿರಲಿ, ನಮಗೆ ಬೇಡ



ಗಣಿ ಅಗೆದು ಕೆಟ್ಟ ನೆಲವನ್ನ ಗಿಡ ನೆಟ್ಟು ಸರಿಮಾಡಬಹುದು ಅನ್ನುವ ಮಾತು ಈಗ ನಾಲ್ಕೂ ಕಡೆಯಿಂದ ಕೇಳಿಬರುತ್ತಿದೆ. ವಿಜ್ಞಾನಿಗಳು ಹೇಳುತ್ತಾರೆ, ಅಧಿಕಾರಿಗಳು ಹೇಳುತ್ತಾರೆ, ಗಣಿ ಧಣಿಗಳೂ ಹೇಳುತ್ತಾರೆ. ಮಾತು ಸುಳ್ಳಲ್ಲ. ಪೂರ್ತಿ ನಿಜವೂ ಅಲ್ಲ. ಇದರಲ್ಲಿ ಎಷ್ಟು ನಿಜ, ಎಷ್ಟು ಕಣ್ಣಿಗೆ ಮಣ್ಣೆರಚೋದು ಅಂತ ನಾವು ಬಿಡಿಸಿ ನೋಡಬೇಕು. ನೋಡದೆ ಹೋದರೆ ನೆಲ ಕೆಟ್ಟಾಗ ಕೆಮ್ಮಿ ಸತ್ತವರೂ ನಾವೇ, ನೆಲ ಹಸಿರಾದ ಮೇಲೆ ಜಾಗ ಖಾಲಿ ಮಾಡಿ ಅನ್ನಿಸಿಕೊಳ್ಳುವವರೂ ನಾವೇ ಆಗುತ್ತೇವೆ.

ಸಂತೆಮರಹಳ್ಳಿ ಸಂತೇಲಿ ನಿಂತುಕೊಂಡು ಕೋಲಾರದ ಚಿನ್ನದ ಗಣಿ ಕತೆ ಯಾಕಯ್ಯಾ ಅಂತ ಕೆಲವರು ಕೇಳಬಹುದು. ನಮಗೂ ಅದಕ್ಕೂ ನಂಟಿದೆ. ನಮ್ಮ ಜಿಲ್ಲೆಯ ಅಂಚಿನಲ್ಲೇ ಕಾವೇರಿ ಶಿವನಸಮುದ್ರದಲ್ಲಿ ಧುಮುಕುತ್ತಾಳೆ. ಆ ನೀರಿನಿಂದ ಕರೆಂಟು ತೆಗೆದು, ಸುಮಾರು 147 ಕಿಲೋಮೀಟರು ತಂತಿ ಎಳೆದು, 1902ರಲ್ಲಿ ಮೊದಲು ಕೊಟ್ಟದ್ದು ಕೋಲಾರದ ಗಣಿಗೆ. ಬೆಂಗಳೂರಿಗೆ ಬೆಳಕು ಹೋದದ್ದು 1905ರಲ್ಲಿ. ನಮ್ಮ ಕೇರಿಗಳಿಗೆ ಬೆಳಕು ಯಾವಾಗ ಬಂತು ಅನ್ನೋದನ್ನ ನಿಮ್ಮ ಮನೆಯ ಹಿರಿಯರನ್ನೇ ಕೇಳಿ. ನಮ್ಮ ಹೊಳೆಯ ಬಲದಿಂದ ಅಗೆದ ಚಿನ್ನ ಸೀಮೆಗೆ ಹೋಯಿತು. ಅಗೆದವರ ಪಾಲಿಗೆ ಉಳಿದದ್ದು ಗುಡ್ಡ ಗುಡ್ಡ ಬೂದಿಮಣ್ಣು.

ನಂಟು ಇಷ್ಟೇ ಅಲ್ಲ. ಅಲ್ಲಿ ಚಿನ್ನ, ಇಲ್ಲಿ ಕರಿಕಲ್ಲು. ಅಲ್ಲಿನ ಪಾಠ ಕಲಿತರೆ ಇಲ್ಲಿಗೆ ಉಪಯೋಗಕ್ಕೆ ಬಂದೀತು. ನಾನು ಬಿ.ಎ. ಓದಿದವನು, ಪದ್ಯ ಬರೆಯುವವನು. ಗೊತ್ತಿದ್ದವರ ಬರಹ ಓದಿ ತಿಳಿದಿದ್ದನ್ನ ನಮ್ಮ ಮಾತಿನಲ್ಲಿ ಇಡುತ್ತಿದ್ದೇನೆ.

ಗುಡ್ಡ ಹುಟ್ಟಿದ ಬಗೆ

ಚಿನ್ನ ಬಂಡೆಯೊಳಗೆ ಕಣ್ಣಿಗೆ ಕಾಣದ ಹಾಗೆ ಬೆರೆತಿರುತ್ತದೆ. ಒಂದು ಟನ್ ಕಲ್ಲು ಪುಡಿ ಮಾಡಿದರೆ ಸಿಗೋದು ಕೆಲವೇ ಗ್ರಾಂ. ಕಲ್ಲನ್ನ ಹಿಟ್ಟಿನ ಹಾಗೆ ಅರೆದು, ಮೊದಮೊದಲು ಪಾದರಸದಲ್ಲಿ ಹಿಡಿಯುತ್ತಿದ್ದರು. 1887ರಲ್ಲಿ ಗ್ಲಾಸ್ಗೋ ಊರಿನವರು ಸೈನೈಡ್ ನೀರಲ್ಲಿ ಚಿನ್ನ ಕರಗಿಸುವ ದಾರಿ ಕಂಡುಹಿಡಿದರು. ಆಮೇಲೆ ಅದು ಕೋಲಾರಕ್ಕೂ ಬಂತು. ಚಿನ್ನ ತೆಗೆದ ಮೇಲೆ ಉಳಿದ ಹಿಟ್ಟನ್ನ ಊರ ಮಗ್ಗುಲಲ್ಲೇ ಸುರಿದರು. ಒಂದು ವರ್ಷವಲ್ಲ ಎರಡು ವರ್ಷವಲ್ಲ, ನೂರು ವರ್ಷಕ್ಕೂ ಮೇಲೆ ಸುರಿದರು. ಜಾನ್ ಟೇಲರ್ ಕಂಪನಿ ಸುರಿಯಿತು, 1956ರಲ್ಲಿ ಗಣಿಯನ್ನ ವಹಿಸಿಕೊಂಡ ಮೈಸೂರು ಸರ್ಕಾರ ಸುರಿಯಿತು, ಆಮೇಲೆ ಕೇಂದ್ರ ಸರ್ಕಾರದ ಭಾರತ್ ಗೋಲ್ಡ್ ಮೈನ್ಸ್ ಸುರಿಯಿತು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದಾಗ ಅಲ್ಲಿ ಇಂಥ 13 ಗುಡ್ಡಗಳಿದ್ದವು. ಮೂರು ಕೋಟಿ ಟನ್ನಿಗೂ ಹೆಚ್ಚು ಮಣ್ಣು. ಜನ ಅದಕ್ಕೆ ಸೈನೈಡ್ ಗುಡ್ಡ ಅಂತಾರೆ.

ಈ ಗುಡ್ಡಗಳ ಬುಡದಲ್ಲಿ ಬಾಳುತ್ತಿರುವವರು ಯಾರು? ಉತ್ತರ ಆರ್ಕಾಟು, ಚಿತ್ತೂರು ಸೀಮೆಗಳಿಂದ ಜೀತ ತಪ್ಪಿಸಿಕೊಂಡು ಬಂದವರ ಮೊಮ್ಮಕ್ಕಳು, ಮರಿಮಕ್ಕಳು. ಬಹುಪಾಲು ದಲಿತರು. ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ, ಬೆಂಕಿಯಂಥ ಸೆಕೆಗೆ ಇಳಿದವರು. 1940ರ ದಶಕದಲ್ಲಿ ಗಣಿಯ ಕೆಲಸಗಾರರ ಎದೆ ಪರೀಕ್ಷೆ ಮಾಡಿದಾಗ ನೂರಕ್ಕೆ ನಲವತ್ತಕ್ಕೂ ಹೆಚ್ಚು ಜನಕ್ಕೆ ಸಿಲಿಕೋಸಿಸ್ ಹಿಡಿದಿತ್ತು. ಸಿಲಿಕೋಸಿಸ್ ಅಂದರೆ ಕಲ್ಲಿನ ಧೂಳು ಶ್ವಾಸಕೋಶದಲ್ಲಿ ಕೂತು ಅದನ್ನ ಗಟ್ಟಿ ಮಾಡೋ ರೋಗ. ಅದಕ್ಕೆ ಮದ್ದಿಲ್ಲ. ಗಣಿ ಮುಚ್ಚಿದ ಮೇಲೆ ಅವರ ಮಕ್ಕಳು ಬೆಳಗಾಗುವ ಮುಂಚೆ ರೈಲು ಹತ್ತಿ ಬೆಂಗಳೂರಿಗೆ ಕೂಲಿಗೆ ಹೋಗುತ್ತಾರೆ. ರಾತ್ರಿ ವಾಪಸ್ಸು ಬರುತ್ತಾರೆ. ಗಾಳಿಕಾಲದಲ್ಲಿ ಗುಡ್ಡದ ಧೂಳು ಮನೆಯೊಳಕ್ಕೆ ಬರುತ್ತದೆ. ಅನ್ನದ ತಟ್ಟೆಗೆ, ಮಲಗಿದ ಮಗುವಿನ ಮೂಗಿಗೆ.

2018ರಲ್ಲಿ ಕೆ.ಜಿ.ಎಫ್. ಹೆಸರಿನ ಸಿನಿಮಾ ಬಂತು. ಈ ಗುಡ್ಡಗಳ ಮೇಲೂ ಶೂಟಿಂಗ್ ಮಾಡಿದ್ದರು. ನೋಡಿದ ನಮ್ಮ ಹುಡುಗರು ಶಿಳ್ಳೆ ಹೊಡೆದರು. ಆ ಗುಡ್ಡದ ಬುಡದಲ್ಲಿ ಬಾಳುವವರ ಬದುಕು ಆ ಸಿನಿಮಾದಲ್ಲಿ ಎಲ್ಲಿತ್ತು?

ಗಿಡ ಏನು ಮಾಡೀತು?

ಈಗ ಗಿಡದ ಮಾತಿಗೆ ಬರೋಣ. ಗುಡ್ಡದೊಳಗೆ ಇರುವ ಕೇಡು ಒಂದೇ ಬಗೆಯದಲ್ಲ. ಅದನ್ನ ಮೊದಲು ತಿಳಿಯಬೇಕು.

ಸೈನೈಡ್ ಬಿಸಿಲಿಗೆ, ಗಾಳಿಗೆ ಕಾಲ ಕಳೆದಂತೆ ಒಡೆದು ಹೋಗುವ ವಸ್ತು. ಹೆಸರು ಅದರದ್ದಾದರೂ ಹಳೇ ಗುಡ್ಡದ ಮೇಲ್ಮೈಯಲ್ಲಿ ದೊಡ್ಡ ಕೇಡು ಅದೊಂದೇ ಅಲ್ಲ. ಚಿನ್ನದ ಕಲ್ಲಿನ ಜತೆಗೇ ಗಂಧಕದ ಅದಿರು ಬರುತ್ತದೆ, ಅದರೊಟ್ಟಿಗೆ ಆರ್ಸೆನಿಕ್ ಅನ್ನುವ ಪಾಷಾಣ, ಸೀಸ, ಇನ್ನಿತರ ಲೋಹಗಳು ಬರುತ್ತವೆ. ಇವು ಬಿಸಿಲಿಗೆ ಒಡೆಯೋದಿಲ್ಲ, ಸುಟ್ಟರೂ ಸಾಯೋದಿಲ್ಲ. ಮಳೆ ನೀರಿನ ಜತೆ ಕೆರೆಗೆ ಬಾವಿಗೆ ಇಳಿಯಬಹುದು. ಮೂರನೆಯದು ಕಲ್ಲಿನ ನುಣುಪಾದ ಧೂಳು. ಎದೆ ತಿನ್ನೋದು ಇದೇ.

ನೀರಿಗೆ ಇಳಿದರೆ ಏನಾಗುತ್ತೆ ಅನ್ನೋದಕ್ಕೆ ಯಾದಗಿರಿ ಜಿಲ್ಲೆಯ ಕಿರದಳ್ಳಿ ತಾಂಡಾ ನೋಡಬೇಕು. ಹಳೇ ಚಿನ್ನದ ಗಣಿಯ ಹತ್ತಿರದ ಲಂಬಾಣಿ ತಾಂಡಾ ಅದು. ಕುಡಿಯೋ ನೀರಲ್ಲಿ ಆರ್ಸೆನಿಕ್ ಇದೆ ಅಂತ ಲೋಕಕ್ಕೆ ಗೊತ್ತಾಗೋ ಹೊತ್ತಿಗೆ ಜನರ ಅಂಗೈ ಅಂಗಾಲು ಒರಟಾಗಿ, ಮೈಮೇಲೆ ಕಲೆ ಬಿದ್ದಿತ್ತು. ನೀರು ಪರೀಕ್ಷೆ ಮಾಡೋದಕ್ಕೆ ಮುಂಚೆ ಜನರ ಮೈಯೇ ಪರೀಕ್ಷೆಯ ಗಾಜಿನ ಕೊಳವೆ ಆಯಿತು. ನಮ್ಮವರ ಪಾಡೇ ಇಷ್ಟು.

ಗಿಡ ಎರಡು ಬಗೆಯಲ್ಲಿ ಕೆಲಸ ಮಾಡುತ್ತದೆ. ಒಂದು, ವಿಷವನ್ನ ಹೀರಿ ಎಲೆಗೆ ಏರಿಸಿಕೊಳ್ಳೋದು. ಎರಡು, ವಿಷವನ್ನ ಬೇರಿನಲ್ಲೇ ಕಟ್ಟಿಹಾಕಿ ಮಣ್ಣು ಹಾರದ ಹಾಗೆ, ಕೊಚ್ಚಿಹೋಗದ ಹಾಗೆ ಹಿಡಿದಿಡೋದು.

ಮೊದಲ ಬಗೆಯ ಗಿಡಗಳು ಬೆರಗು ಹುಟ್ಟಿಸುವಂಥವು. ಪೆಸಿಫಿಕ್ ಸಮುದ್ರದ ನ್ಯೂ ಕೆಲಡೋನಿಯ ದ್ವೀಪದಲ್ಲಿ ಒಂದು ಮರ ಇದೆ. ಕೊಯ್ದರೆ ನೀಲಿ ಹಸಿರು ಹಾಲು ಸುರಿಯುತ್ತದೆ, ಆ ಹಾಲಿನ ತುಂಬ ನಿಕ್ಕಲ್ ಲೋಹ. ಇಂಥ ಗಿಡಗಳಿಗೆ ವಿಜ್ಞಾನಿಗಳು 1970ರ ದಶಕದಲ್ಲಿ ಬೇರೆಯೇ ಹೆಸರು ಕೊಟ್ಟರು. ನಮ್ಮಲ್ಲೂ ಹಳೇ ಗೋಡೆಯ ಸಂದಿನಲ್ಲಿ, ಬಾವಿಯ ಕಟ್ಟೆಯಲ್ಲಿ ಒಂದು ಜರೀಗಿಡ ಬೆಳೆಯುತ್ತದೆ. ಅದು ಆರ್ಸೆನಿಕ್ಕನ್ನ ಬುಟ್ಟಿಗಟ್ಟಲೆ ಹೀರುತ್ತೆ ಅಂತ 2001ರಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ ಕಂಡುಹಿಡಿದರು. ಆದರೆ ಆ ಗಿಡಕ್ಕೆ ತೇವ ಬೇಕು. ಕೋಲಾರದ ಒಣಗುಡ್ಡದ ನೆತ್ತಿಯಲ್ಲಿ ಅದು ಬದುಕೋದು ಕಷ್ಟ. ಬದುಕಿದರೂ ಪ್ರತಿ ವರ್ಷ ಕೊಯ್ದು, ಕೊಯ್ದ ಸೊಪ್ಪನ್ನ ವಿಷದ ಕಸದ ಹಾಗೇ ಜೋಪಾನವಾಗಿ ಬೇರೆ ಇಡಬೇಕು. ಅಷ್ಟಕ್ಕೂ ಅದರ ಬೇರು ಮುಟ್ಟೋದು ಒಂದೆರಡು ಅಡಿ. ಗುಡ್ಡ ಇರೋದು ಆಳುದ್ದದ ಮೇಲೆ ಆಳುದ್ದ. ಆದ್ದರಿಂದ ಐದು ವರ್ಷದಲ್ಲಿ ಗಿಡ ನೆಟ್ಟು ವಿಷ ತೆಗೆದುಬಿಡ್ತೀವಿ ಅಂತ ಯಾರಾದರೂ ಭಾಷಣ ಬಿಗಿದರೆ ನಂಬಬೇಡಿ.

ಎರಡನೆಯ ಬಗೆಯೇ ನಮ್ಮ ಕೆಲಸಕ್ಕೆ ಬರುವುದು. ಇದಕ್ಕೆ ದೂರದ ಬೀಜ ಬೇಕಿಲ್ಲ. ನಮ್ಮ ಕಲ್ಲುಹೊಲದ ಬದುವಿನಲ್ಲಿ ಯಾರೂ ಕೇಳದೆ ಬಿದ್ದಿರುವ ಗಿಡಗಳೇ ಸಾಕು. ಲಾವಂಚ ನೋಡಿ. ಅದರ ಬೇರು ನೆಟ್ಟಗೆ ಆಳುದ್ದಕ್ಕೂ ಮಿಕ್ಕಿ ಕೆಳಕ್ಕೆ ಇಳಿಯುತ್ತದೆ. ಹುಳಿ ಮಣ್ಣಾಗಲಿ ಸುಣ್ಣದ ಮಣ್ಣಾಗಲಿ ತಾಳಿಕೊಳ್ಳುತ್ತದೆ. ಹೀರಿದ ಲೋಹದ ಹೆಚ್ಚಿನ ಪಾಲು ಬೇರಲ್ಲೇ ಉಳಿಸಿಕೊಂಡು ಸೋಗೆಗೆ ಕಡಿಮೆ ಬಿಡುತ್ತದೆ. ಗರಿಕೆ ನೋಡಿ. ಗಣಪತಿಯ ತಲೆ ಮೇಲೆ ಇಡುವ ಅದೇ ಗರಿಕೆ ಗಣಿಮಣ್ಣಿನ ಮೇಲೂ ಹಬ್ಬುತ್ತದೆ. ವೇಲ್ಸ್ ದೇಶದ ಸೀಸದ ಗಣಿಗಳ ತಿಪ್ಪೆ ಮೇಲೆ ತಾನಾಗಿ ಬದುಕಿ ಉಳಿದ ಹುಲ್ಲಿನ ಬೀಜವನ್ನೇ ಆರಿಸಿ, ಬೆಳೆಸಿ, 1970ರ ದಶಕದಲ್ಲಿ ಬೇರೆ ಗಣಿಗುಡ್ಡಗಳಿಗೆ ಬಿತ್ತಿದರು. ಕೋಲಾರದ ಗುಡ್ಡದ ಮೇಲೆ ತಾನಾಗಿ ನಿಂತ ಹುಲ್ಲು ಯಾವುದು ಅಂತ ಮೊದಲು ಹುಡುಕಬೇಕು.

ಹೊಂಗೆ, ಜಾಲಿ ಇವುಗಳ ಬೇರಲ್ಲಿ ಗಂಟುಗಳಿವೆ. ಆ ಗಂಟಿನಲ್ಲಿರುವ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕ ಹಿಡಿದು ಗೊಬ್ಬರ ಮಾಡಿ ಕೊಡುತ್ತವೆ. ಗೊಬ್ಬರದ ಗಂಧವೇ ಇಲ್ಲದ ಗಣಿಹಿಟ್ಟಿಗೆ ಇದು ದೊಡ್ಡ ಆಸರೆ. ತಂಗಡಿ ಗಿಡ ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅದರ ಚಕ್ಕೆಯಲ್ಲೇ ನಮ್ಮ ಮಾದಿಗೇರಿಯವರು ತೊಗಲು ಹದ ಮಾಡುತ್ತಿದ್ದುದು. ಮಳೆಯಿಲ್ಲದ ವರ್ಷದಲ್ಲೂ ಹಳದಿ ಹೂ ಬಿಡುತ್ತದೆ, ಆಡು ಬಾಯಿ ಹಾಕೋದಿಲ್ಲ. ಕತ್ತಾಳೆಯೂ ಹಾಗೇ.

ಆಡು ಬಾಯಿ ಹಾಕೋದಿಲ್ಲ ಅನ್ನೋದನ್ನ ಗಟ್ಟಿಯಾಗಿ ಹೇಳಬೇಕು. ವಿಷದ ನೆಲದಲ್ಲಿ ಗಿಡ ಆರಿಸುವಾಗ ಇದೇ ಮೊದಲ ಲೆಕ್ಕ. ಬಳ್ಳಾರಿ ಜಾಲಿ ಎಲ್ಲಿ ಬೇಕಾದರೂ ಬೆಳೆಯುತ್ತೆ ಅಂತ ಅದನ್ನೇ ಎರಚಿದರೆ, ಅದರ ಕಾಯಿ ಆಡು ಕುರಿ ಮೇಯುತ್ತವೆ. ಕಾಯಿಗೆ ಏರಿದ ವಿಷ ಹಾಲಿಗೆ, ಮಾಂಸಕ್ಕೆ ಬರುತ್ತದೆ. ಕೊನೆಗೆ ನಮ್ಮ ಮಡಕೆಗೇ ಬರುತ್ತದೆ. ಅಂಥ ಗುಡ್ಡದ ಸೌದೆ ಒಲೆಗೆ ಇಟ್ಟರೆ ಆರ್ಸೆನಿಕ್ ಹೊಗೆಯ ಜತೆ ಏಳಬಹುದು. ಅಲ್ಲಿನ ಲಾವಂಚದ ಬೇರು ಕುಡಿಯುವ ನೀರಿನ ಗಡಿಗೆಗೆ ಹಾಕೋ ಹಾಗಿಲ್ಲ, ತಡಿಕೆ ಕಟ್ಟೋ ಹಾಗಿಲ್ಲ. ಅಲ್ಲಿ ಹಣ್ಣಿನ ಮರ, ಸೊಪ್ಪು ತರಕಾರಿ ಬೇಡವೇ ಬೇಡ. ಗಿಡ ನೆಡುವ ದಿನ ಫೋಟೋ ಹಿಡಿಸಿಕೊಳ್ಳುವವರು ಈ ಮಾತುಗಳನ್ನ ಸೌದೆ ಆಯೋ ಹೆಣ್ಣುಮಕ್ಕಳಿಗೆ ಹೇಳಿದ್ದನ್ನ ನಾನಂತೂ ಕೇಳಿಲ್ಲ.

ಸುಮ್ಮನೆ ಗುಂಡಿ ತೋಡಿ ಸಸಿ ಇಟ್ಟರೂ ಆಗೋದಿಲ್ಲ. ಮೊದಲು ಗುಡ್ಡದ ಇಳಿಜಾರು ತಗ್ಗಿಸಿ ಮೆಟ್ಟಿಲು ಮೆಟ್ಟಿಲಾಗಿ ಕಟ್ಟಬೇಕು. ಕೆರೆಗೋಡು, ತಿಪ್ಪೆಗೊಬ್ಬರ ಹರಡಬೇಕು. ಸಾಲಾಗಿ ಲಾವಂಚ ಹಾಕಿ ಮಣ್ಣು ನಿಲ್ಲಿಸಿ, ಆಮೇಲೆ ಪೊದೆ, ಆಮೇಲೆ ಮರ. ಮೊದಲ ಎರಡು ಮೂರು ಬೇಸಗೆ ನೀರು ಹೊತ್ತು ಹಾಕಬೇಕು. ಇದು ಮನೆಮಗುವಿನ ಹಾಗೆ ಸಾಕೋ ಕೆಲಸ. ವರ್ಷಗಟ್ಟಲೆ ನೂರಾರು ಕೈಗಳಿಗೆ ಕೂಲಿ ಇರುವ ಕೆಲಸ. ಈ ಮಾತಿನಲ್ಲೇ ನಮಗೆ ಬೇಕಾದ ರಾಜಕೀಯ ಇದೆ.

ಗಟ್ಟಿ ಗಿಡ ಅನ್ನುವ ಹೊಗಳಿಕೆ

ಪದ್ಯ ಬರೆಯುವವನಿಗೆ ಇಲ್ಲೊಂದು ಆಸೆ ಹುಟ್ಟುತ್ತದೆ. ವಿಷದ ನೆಲದಲ್ಲಿ ಬೇರು ಬಿಟ್ಟು, ನೀರಿಲ್ಲದೆ, ಯಾರ ದಯೆಯಿಲ್ಲದೆ ಹೂ ಬಿಡುವ ತಂಗಡಿಯೇ ನಾವು ಅಂತ ಬರೆದುಬಿಡೋ ಆಸೆ. ಸಭೆಯಲ್ಲಿ ಓದಿದರೆ ಚಪ್ಪಾಳೆ ಬೀಳುತ್ತದೆ. ನಮ್ಮ ಎಷ್ಟೋ ಗೆಳೆಯರು ಹೀಗೆ ಬರೆಯುತ್ತಾರೆ.

ನಾನು ಹಾಗೆ ಬರೆಯೋದಿಲ್ಲ. ಈ ಹೋಲಿಕೆಯಲ್ಲಿ ಒಂದು ಮೋಸ ಇದೆ. ನೀವು ಗಟ್ಟಿ ಜನ, ನಿಮಗೆ ಏನೂ ಆಗೋಲ್ಲ, ನೀವು ತಡ್ಕೊಳ್ತೀರಿ ಅಂತ ಹೇಳಿಹೇಳಿಯೇ ನಮ್ಮನ್ನ ಮಲದ ಗುಂಡಿಗೆ ಇಳಿಸಿದ್ದು, ಸತ್ತ ದನ ಹೊರಿಸಿದ್ದು, ಗಣಿಯ ಬಾಯಿಗೆ ತಳ್ಳಿದ್ದು. ತಾಳಿಕೆಯನ್ನ ಹೊಗಳುವವನು ತಾಳಿಸುತ್ತಿರುವವನ ಹೆಸರು ಎತ್ತೋದಿಲ್ಲ. ನಮ್ಮ ಕೇರಿಯ ಹಿರಿಯರು ಒಂದು ಮಾತು ಹೇಳ್ತಾರೆ: “ತಂಗಡಿ ಗಿಡುಕ್ಕ ಯಾರ್ಲಾ ನೀರ್ ಹುಯ್ದರು? ಹುಯ್ದಿದ್ರ ಅದೂ ಮರ ಆಗ್ತಿತ್ತು ಕನಾ.”

ಗಿಡಕ್ಕೆ ಶ್ವಾಸಕೋಶ ಇಲ್ಲ. ಗಿಡಕ್ಕೆ ಸಿಲಿಕೋಸಿಸ್ ಬರೋದಿಲ್ಲ. ಗಿಡದ ಹೆಂಡತಿ ವಿಧವೆ ಆಗೋದಿಲ್ಲ. ವಿಷ ತಡೆಯೋ ಕೆಲಸಕ್ಕೆ ಗಿಡವೇ ಸರಿ. ಇಷ್ಟು ಕಾಲ ಆ ಕೆಲಸವನ್ನ ನಮ್ಮ ಎದೆಗಳ ಕೈಲಿ ಮಾಡಿಸಿದರು. ಇನ್ನು ಮೇಲೆ ಗಿಡ ಮಾಡಲಿ, ನಾವು ಗಿಡ ಸಾಕುವವರಾಗೋಣ. ಅದಕ್ಕೆ ಸರಿಯಾದ ಕೂಲಿ, ಕೈಗೆ ಗವಸು, ಮೂಗಿಗೆ ಬಟ್ಟೆಯಲ್ಲ, ಸರಿಯಾದ ಮುಖವಾಡ, ಆರು ತಿಂಗಳಿಗೊಮ್ಮೆ ಎದೆ ಪರೀಕ್ಷೆ ಬೇಕು. ಹಸಿರು ಮಾಡೋ ಹೆಸರಲ್ಲಿ ನಮ್ಮವರನ್ನ ಬರಿಗೈಲಿ ಆ ಗುಡ್ಡಕ್ಕೆ ಹತ್ತಿಸಿದರೆ ಅದು ಹಳೇ ಗಣಿಯೇ, ಬಣ್ಣ ಮಾತ್ರ ಬೇರೆ.

ಹಸಿರಾದ ಮೇಲೆ ನೆಲ ಯಾರದು?

ದಕ್ಷಿಣ ಆಫ್ರಿಕಾದ ಜೋಹಾನ್ಸ್‌ಬರ್ಗ್ ಸುತ್ತಲೂ ಚಿನ್ನದ ಗಣಿಯ ಇಂಥವೇ ಗುಡ್ಡಗಳಿವೆ. ಬಿಳಿಯರ ಸರ್ಕಾರ ಕರಿಯರನ್ನ ಊರಾಚೆಗೆ, ಆ ಗುಡ್ಡಗಳ ಮಗ್ಗುಲಿಗೆ ತಳ್ಳಿ ಸೊವೆಟೊ ಬೆಳೆಸಿತು. ನಮ್ಮೂರಲ್ಲಿ ಹೊಲಗೇರಿ ಊರಾಚೆಗೆ ಇರೋ ಹಾಗೇ ಅದು. ಬಿಳಿಯರ ಬಡಾವಣೆಗೆ ಧೂಳು ಬರುತ್ತೆ ಅಂತ ದಶಕಗಳ ಹಿಂದೆಯೇ ಗುಡ್ಡಗಳ ಮೇಲೆ ಹುಲ್ಲು ಬೆಳೆಸುವ ಕೆಲಸವೂ ಶುರುವಾಯಿತು. ಚಿನ್ನದ ಬೆಲೆ ಏರಿದಾಗ ಏನು ಮಾಡಿದರು? ಅದೇ ಗುಡ್ಡಗಳನ್ನ ನೀರಿನ ಪೈಪು ಹಿಡಿದು ಕರಗಿಸಿ ಮತ್ತೆ ಚಿನ್ನ ತೆಗೆದರು. ಹುಲ್ಲು ಬಂದದ್ದೂ ಅವರಿಗೆ ಬೇಕಾದಾಗ, ಹೋದದ್ದೂ ಅವರಿಗೆ ಬೇಕಾದಾಗ.

ಕೋಲಾರದಲ್ಲೂ ಈಗ ಅದೇ ಮಾತು ಎದ್ದಿದೆ. ಆ 13 ಗುಡ್ಡಗಳ ಮಣ್ಣಿನಲ್ಲಿ ಟನ್ನಿಗೆ ಒಂದು ಗ್ರಾಮಿಗೂ ಕಡಿಮೆ ಚಿನ್ನ ಉಳಿದಿದೆ. ಚಿನ್ನದ ಬೆಲೆ ಆಕಾಶಕ್ಕೆ ಏರಿರುವಾಗ ಅದೂ ಲಾಭವೇ. 2024ರ ಜೂನ್ ತಿಂಗಳಲ್ಲಿ ರಾಜ್ಯ ಸಚಿವ ಸಂಪುಟ ಸುಮಾರು 1,003 ಎಕರೆಯಲ್ಲಿರುವ ಈ ಗುಡ್ಡಗಳನ್ನ ಹರಾಜು ಹಾಕಿ ಮತ್ತೆ ಚಿನ್ನ ತೆಗೆಯುವ ಕೇಂದ್ರದ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಅದೇ ವರ್ಷ ಆಗಸ್ಟಿನಲ್ಲಿ ಪಾ. ರಂಜಿತ್ ಅವರ ತಂಗಲಾನ್ ಸಿನಿಮಾ ಬಂದು ಆ ಚಿನ್ನ ಯಾರ ಬೆವರಿನದು ಅಂತ ಕೇಳಿತು. ಪರದೆಯ ಮೇಲೆ ಕೇಳಿದ ಪ್ರಶ್ನೆಯನ್ನ ಹರಾಜಿನ ಕಾಗದದ ಮೇಲೂ ಕೇಳಬೇಕಲ್ಲವೇ?

ಗುಡ್ಡ ಮುಟ್ಟಲೇಬಾರದು ಅಂತ ನಾನು ವಾದಿಸೋದಿಲ್ಲ. ಸರಿಯಾಗಿ ಮಾಡಿದರೆ ಇದರಿಂದ ಒಳ್ಳೇದೂ ಆದೀತು. ಮಣ್ಣನ್ನ ಒದ್ದೆಯಾಗಿಟ್ಟು ತೆಗೆದು, ಚಿನ್ನದ ಜತೆ ಕೆಟ್ಟ ಲೋಹಗಳನ್ನೂ ಬೇರೆ ಮಾಡಿ, ಉಳಿದದ್ದನ್ನ ಮನೆಗಳಿಂದ ದೂರ, ತಳಕ್ಕೆ ನೀರು ಇಳಿಯದ ಹಾಸು ಹಾಕಿ ಇಟ್ಟು, ಅದರ ಮೇಲೆ ಲಾವಂಚ, ಹೊಂಗೆ ಬೆಳೆಸಿದರೆ ಊರಿನ ನಡುವಿನ ನೆಲ ಬಿಡುಗಡೆ ಆಗುತ್ತದೆ. ಆದರೆ ಯಾರು ಹರಾಜು ಕೂಗುತ್ತಾರೋ ಅವರು ಚಿನ್ನದ ಲೆಕ್ಕ ಬರೆಯುತ್ತಾರೆ. ಧೂಳಿನ ಲೆಕ್ಕ ಯಾರು ಬರೆಯುತ್ತಾರೆ? ಉಳಿದ ಮಣ್ಣು ಎಲ್ಲಿಗೆ ಹೋಗುತ್ತೆ? ಬಿಡುಗಡೆಯಾದ ನೆಲ ನೂರು ವರ್ಷ ಅಲ್ಲಿ ಬಾಳಿದವರ ಹೆಸರಿಗೆ ಆಗುತ್ತೋ, ಬೆಂಗಳೂರಿನ ಸೈಟು ವ್ಯಾಪಾರಿಗಳ ಹೆಸರಿಗೆ ಆಗುತ್ತೋ? ಇವುಗಳ ಉತ್ತರ ಬರವಣಿಗೆಯಲ್ಲಿ ಬರುವ ತನಕ ಹಸಿರಿನ ಮಾತು ಬರೀ ತೋರಣ.

ದುಡ್ಡಿಲ್ಲ ಅನ್ನುವ ನೆಪ ಬೇಡ. ಬಳ್ಳಾರಿ ನೋಡಿ. ಕಬ್ಬಿಣದ ಅದಿರಿನ ಲೂಟಿ ಮೇರೆ ಮೀರಿದಾಗ ಸುಪ್ರೀಂ ಕೋರ್ಟು 2011ರಲ್ಲಿ ಬಳ್ಳಾರಿ, ಚಿತ್ರದುರ್ಗ, ತುಮಕೂರು ಜಿಲ್ಲೆಗಳ ಗಣಿಗಳನ್ನ ನಿಲ್ಲಿಸಿತು. ಕೆಟ್ಟ ನೆಲ ಸರಿಮಾಡುವ ಯೋಜನೆ ಮೊದಲು, ಗಣಿ ಆಮೇಲೆ ಅಂತ ಷರತ್ತು ಹಾಕಿತು. ಗುಡ್ಡದ ಇಳಿಜಾರಿಗೆ ತೆಂಗಿನ ನಾರಿನ ಚಾಪೆ ಹಾಸಿ ಹುಲ್ಲು ಬಿತ್ತೋದು, ಹಳ್ಳಕ್ಕೆ ಕಟ್ಟೆ ಕಟ್ಟೋದು ಎಲ್ಲ ಆ ಯೋಜನೆಗಳಲ್ಲಿ ಬರೆದಿದೆ. 2013ರಲ್ಲಿ ಅತಿಯಾಗಿ ಕಾನೂನು ಮುರಿದವರ ಗುತ್ತಿಗೆಗಳನ್ನೇ ಕೋರ್ಟು ರದ್ದು ಮಾಡಿತು. ಗಣಿಯವರಿಂದ ವಸೂಲಾದ ಹಣ ಸಾವಿರಾರು ಕೋಟಿ ಸೇರಿತು. ಆದರೆ ಆ ಹಣ ಖರ್ಚಿಗೆ ಒಪ್ಪಿಗೆ ಸಿಗೋ ಹೊತ್ತಿಗೆ 2022 ಬಂತು. ಹತ್ತು ವರ್ಷಕ್ಕೂ ಮೇಲೆ ಕೆಮ್ಮುತ್ತಿದ್ದ ಮಗು ಅಷ್ಟರಲ್ಲಿ ದೊಡ್ಡದಾಗಿ ಲಾರಿಗೆ ಕ್ಲೀನರ್ ಆಗಿರುತ್ತದೆ. ಕೋರ್ಟಿನ ಆದೇಶ ಗೆಲುವೇ ಸರಿ, ಆದರೆ ಬೀದಿಯಲ್ಲಿ ಕೇಳುವವರು ಇಲ್ಲದಿದ್ದರೆ ಹಣ ಪೆಟ್ಟಿಗೆಯಲ್ಲೇ ಮಲಗಿರುತ್ತದೆ.

ನಮ್ಮ ಮನೆ ಬಾಗಿಲಿನ ಗುಂಡಿಗಳು

ಈಗ ನಮ್ಮ ಸೀಮೆಗೆ ಬರೋಣ. ಚಾಮರಾಜನಗರದ ಕರಿಕಲ್ಲು ಲೋಕಪ್ರಸಿದ್ಧ. ಕನ್ನಡಿಯ ಹಾಗೆ ಹೊಳಪು ಬರುವ ಕಲ್ಲು. ಹಡಗು ಹತ್ತಿ ಜಪಾನಿಗೆ, ಜರ್ಮನಿಗೆ ಹೋಗಿ ಅಲ್ಲಿನವರ ಗೋರಿಯ ಮೇಲೆ ನಿಲ್ಲುತ್ತದೆ. ಸತ್ತ ಪರದೇಶದವರಿಗೆ ನಮ್ಮ ನೆಲದ ಕಲ್ಲು ಸಿಗುತ್ತದೆ. ಸತ್ತ ನಮ್ಮವರನ್ನ ಹೂಳೋದಕ್ಕೆ ಎಷ್ಟೋ ಕೇರಿಗಳಿಗೆ ಮೂರಡಿ ಆರಡಿ ಸ್ಮಶಾನದ ಜಾಗ ಸಿಗೋದಿಲ್ಲ.

ಕರಿಕಲ್ಲಿನ ಕ್ವಾರಿಯಲ್ಲಿ ಒಡೆದ ಕಲ್ಲಿನ ಬಹುಪಾಲು ಮಾರಾಟಕ್ಕೆ ಬರೋದಿಲ್ಲ. ಬಿರುಕು ಬಿಟ್ಟದ್ದು, ಬಣ್ಣ ಕೆಟ್ಟದ್ದು ಅಂತ ಪಕ್ಕಕ್ಕೆ ರಾಶಿ ಹಾಕುತ್ತಾರೆ. ದರಖಾಸ್ತಿನಲ್ಲಿ ನಮಗೆ ಸಿಕ್ಕಿದ್ದೇ ಗುಡ್ಡದ ಬುಡದ ಕಲ್ಲುನೆಲ. ಅದರ ಮೇಲೇ ಆ ರಾಶಿ ಉರುಳಿದರೆ ಉಳುವುದೇನು? ಕಲ್ಲು ಮುಗಿದ ಮೇಲೆ ಗುಂಡಿ ಹಾಗೇ ಬಾಯಿ ತೆರೆದುಕೊಂಡು ಬಿದ್ದಿರುತ್ತದೆ. ಮಳೆಗೆ ತುಂಬುತ್ತದೆ. ಈಜಲು ಹೋದ ಹುಡುಗರನ್ನ ನುಂಗುತ್ತದೆ. 2022ರ ಮಾರ್ಚ್ 4ರಂದು ಗುಂಡ್ಲುಪೇಟೆ ತಾಲೂಕಿನ ಮಡಹಳ್ಳಿ ಗುಡ್ಡದ ಕ್ವಾರಿ ಕುಸಿದು, ದೂರದಿಂದ ಹೊಟ್ಟೆಪಾಡಿಗೆ ಬಂದ ಕೂಲಿಯವರು ಬಂಡೆಯಡಿ ಸತ್ತರು. ಅವರ ಭಾಷೆ ಬೇರೆ ಇರಬಹುದು. ಅವರ ಹಸಿವು ನಮ್ಮದೇ.

ನಮ್ಮ ಕರಿಕಲ್ಲಿನ ರಾಶಿಗೂ ಕೋಲಾರದ ಗುಡ್ಡಕ್ಕೂ ಒಂದು ದೊಡ್ಡ ವ್ಯತ್ಯಾಸ ಇದೆ. ಕರಿಕಲ್ಲನ್ನ ಕೊಯ್ಯೋದಕ್ಕೆ ಸೈನೈಡ್ ಬೇಕಿಲ್ಲ. ಇಲ್ಲಿನ ಕೇಡು ವಿಷಕ್ಕಿಂತ ಹೆಚ್ಚಾಗಿ ಮಣ್ಣಿಲ್ಲದ್ದು, ಧೂಳು, ಮತ್ತು ಆಳ. ಆದ್ದರಿಂದ ಸರಿಮಾಡೋದು ಕೋಲಾರದಷ್ಟು ಕಷ್ಟವಿಲ್ಲ. ಬೇಡದ ಕಲ್ಲನ್ನೇ ಗುಂಡಿಗೆ ವಾಪಸ್ಸು ತುಂಬಿ, ಕ್ವಾರಿ ಶುರು ಮಾಡುವಾಗ ತೆಗೆದಿಟ್ಟ ಮೇಲ್ಮಣ್ಣು ಹರಡಿ, ಕೆರೆಗೋಡು ಸೇರಿಸಿ, ಹೊಂಗೆ, ಬೇವು, ಬಿದಿರು, ಕತ್ತಾಳೆ ನೆಡಬಹುದು. ನೀರು ಮಣ್ಣು ಪರೀಕ್ಷೆ ಮಾಡಿ ಸರಿ ಇದೆ ಅಂತಾದರೆ ಸೀತಾಫಲ, ನೆಲ್ಲಿ ಕೂಡ ಹಾಕಬಹುದು. ಹೊಂಗೆ ಬೀಜ ಎಣ್ಣೆಗೆ ಹೋಗುತ್ತದೆ, ಸೊಪ್ಪು ಗದ್ದೆಗೆ ಗೊಬ್ಬರ. ಕತ್ತಾಳೆ ನಾರು ಹಗ್ಗಕ್ಕೆ. ಹತ್ತು ವರ್ಷ ಸಾಕಿದರೆ ಒಂದು ಕೇರಿಗೆ ಆಸರೆ.

ಹಾಗಾದರೆ ಮೇಲ್ಮಣ್ಣು ಎಲ್ಲಿ? ಹೆಚ್ಚಿನ ಕಡೆ ಅದನ್ನ ತೆಗೆದಿಟ್ಟೇ ಇರೋದಿಲ್ಲ. ಕ್ವಾರಿಗೆ ಪರಿಸರ ಅನುಮತಿ ಕೊಡುವ ಕಾಗದದಲ್ಲಿ ಹಸಿರು ಪಟ್ಟಿ ಬೆಳೆಸಬೇಕು, ಧೂಳಿಗೆ ನೀರು ಹೊಡೆಯಬೇಕು ಅಂತ ಷರತ್ತು ಇರುತ್ತದೆ. ಆ ಕಾಗದ ಇಂಗ್ಲಿಷಿನಲ್ಲಿ ಇರುತ್ತದೆ. ಅದನ್ನ ನಮ್ಮ ಗ್ರಾಮಸಭೆಯಲ್ಲಿ ಯಾರೂ ಓದಿ ಹೇಳಿಲ್ಲ. 2015ರ ಗಣಿ ಕಾನೂನು ತಿದ್ದುಪಡಿಯಿಂದ ಜಿಲ್ಲೆ ಜಿಲ್ಲೆಗೂ ಖನಿಜ ಪ್ರತಿಷ್ಠಾನ ಅಂತ ಒಂದು ನಿಧಿ ಆಗಿದೆ. ಗಣಿಯಿಂದ ತೊಂದರೆಗೊಳಗಾದ ಜನಕ್ಕೆ, ಜಾಗಕ್ಕೆ ಖರ್ಚು ಮಾಡೋದಕ್ಕೇ ಇರುವ ದುಡ್ಡು ಅದು. ನಮ್ಮ ಕೇರಿ ತೊಂದರೆಗೊಳಗಾದ ಪಟ್ಟಿಯಲ್ಲಿ ಇದೆಯೋ ಇಲ್ಲವೋ ಅಂತ ನಾವು ಎಂದಾದರೂ ಕೇಳಿದ್ದೀವಾ?

ಕೇಳಬೇಕಾದ್ದು

ಕೈಕಟ್ಟಿ ಬೇಡೋದು ಬೇಡ. ಹಕ್ಕಿನಿಂದ ಕೇಳೋಣ.

ಒಂದು: ಗಿಡ ನೆಡುವ ಮುಂಚೆ ನೀರು, ಮಣ್ಣು, ಧೂಳಿನ ಪರೀಕ್ಷೆ ಆಗಬೇಕು. ಫಲಿತಾಂಶ ಕನ್ನಡದಲ್ಲಿ, ಕೋಲಾರದ ಕಡೆ ತಮಿಳಿನಲ್ಲೂ ತೆಲುಗಿನಲ್ಲೂ, ಕೇರಿಯ ಗೋಡೆ ಮೇಲೆ ಅಂಟಿಸಬೇಕು.

ಎರಡು: ಗುಡ್ಡದ ಬುಡದಲ್ಲಿರುವ ಪ್ರತಿ ಮನೆಯವರ ಎದೆ ಪರೀಕ್ಷೆ ಸರ್ಕಾರದ ಖರ್ಚಿನಲ್ಲಿ ಆಗಬೇಕು. ಗಿಡಕ್ಕೆ ನೀರು ಹಾಕುವ ಮುಂಚೆ ಮನುಷ್ಯರಿಗೆ ಮದ್ದು ಹಾಕಿ.

ಮೂರು: ನೆಡುವ, ಸಾಕುವ ಕೆಲಸ ಕಂಟ್ರಾಕ್ಟರಿಗೆ ಬೇಡ. ಗಣಿ ಕಾರ್ಮಿಕರ ಕುಟುಂಬಗಳ, ಕೇರಿಯ ಹೆಣ್ಣುಮಕ್ಕಳ ಸಂಘಗಳಿಗೆ ಕೊಡಬೇಕು. ಕನಿಷ್ಠ ಹತ್ತು ವರ್ಷದ ಕರಾರು ಇರಬೇಕು.

ನಾಲ್ಕು: ಯಾವ ಗಿಡ, ಎಲ್ಲಿ, ಅದನ್ನ ಮುಟ್ಟಬಹುದೋ ಬಾರದೋ, ಸೌದೆಗೆ ಬದಲು ಗ್ಯಾಸು ಯಾರು ಕೊಡ್ತಾರೆ, ಮೇವಿಗೆ ಬದಲು ನೆಲ ಎಲ್ಲಿ ಅನ್ನೋದು ಮೊದಲೇ ತೀರ್ಮಾನ ಆಗಬೇಕು.

ಐದು: ಸರಿಯಾದ ನೆಲದ ಹಕ್ಕುಪತ್ರ ಅಲ್ಲಿ ಬಾಳಿದವರಿಗೆ ಸೇರಬೇಕು. ಹರಾಜಿಗೆ ಮುಂಚೆ, ಹರಾಜಿನ ಕರಾರಿನಲ್ಲೇ ಇದನ್ನ ಬರೆಯಬೇಕು.

ಆರು: ನಮ್ಮ ಜಿಲ್ಲೆಯ ಮುಗಿದ ಕ್ವಾರಿಗಳ ಪಟ್ಟಿ ಹೊರಗೆ ಬರಬೇಕು. ಪ್ರತಿ ಗುಂಡಿಗೂ ಬೇಲಿ ಹಾಕಿ, ತುಂಬಿ, ಗಿಡ ನೆಡುವ ದಿನಾಂಕ ಗೊತ್ತುಮಾಡಬೇಕು. ಹೊಸ ಕ್ವಾರಿಗೆ ಅನುಮತಿ ಕೊಡುವ ಮುಂಚೆ ಹಳೇ ಗುಂಡಿ ಮುಚ್ಚಿದ್ದನ್ನ ತೋರಿಸಬೇಕು.

ಗೆಳೆಯರೇ, ಮುಂದಿನ ಗ್ರಾಮಸಭೆಗೆ ಹೋಗುವಾಗ ಒಬ್ಬೊಬ್ಬರೇ ಹೋಗಬೇಡಿ. ಹತ್ತು ಜನ ಸೇರಿ ಹೋಗಿ. ಮಾಹಿತಿ ಹಕ್ಕಿನ ಅರ್ಜಿ ಬರೆಯೋದಕ್ಕೆ ಓದಿದ ಹುಡುಗ ಹುಡುಗಿಯರು ಈಗ ಪ್ರತಿ ಕೇರಿಯಲ್ಲೂ ಇದ್ದಾರೆ. ಕ್ವಾರಿಯ ಅನುಮತಿ ಪತ್ರದ ನಕಲು ಕೇಳಿ, ತಂದು, ಕನ್ನಡಕ್ಕೆ ತಿರುಗಿಸಿ, ಸಭೆಯಲ್ಲಿ ಗಟ್ಟಿಯಾಗಿ ಓದಿ. ಹಸಿರು ಪಟ್ಟಿ ಎಲ್ಲಿ ತೋರಿಸಿ ಅಂತ ಒಂದೇ ಪ್ರಶ್ನೆ ಕೇಳಿ ಕೂತುಕೊಳ್ಳಿ. ಉತ್ತರ ಬರುವ ತನಕ ಏಳಬೇಡಿ.

ಲಾವಂಚದ ಬೇರು ಎಷ್ಟು ಆಳಕ್ಕೆ ಇಳಿದರೂ ಅದಕ್ಕೆ ನೆಲದ ಪಹಣಿ ಓದೋದಕ್ಕೆ ಬರೋದಿಲ್ಲ. ಆ ಕೆಲಸ ನಮ್ಮದು.